ಗ್ರವಿನೆಲ್ಲದ ಕುಂಬಾರ ಓಣಿ

ಧಾರವಾಡದ ಮಾಳಮಡ್ಡಿಯ ಅಂಬಾಬಾಯಿ ತನ್ನ ಮೂವತ್ತಾರು ವರ್ಷದ ಆಯುಷ್ಯದಲ್ಲಿ ಅತ್ತ ಲೋಂಡಾ ದಾಟಿದವಳಲ್ಲ, ಇತ್ತ ಪಂಢರಪುರ ದಾಟಿದವಳಲ್ಲ. ಆದರೆ ಇಟಲಿ ದೇಶದ ದಕ್ಷಿಣದ ತುದಿಯಲ್ಲಿರುವ ಗ್ರವಿನೆಲ್ಲ ಎಂಬ ಸಣ್ಣ ಊರಿನಲ್ಲಿ ಕಣ್ಣು ಕಟ್ಟಿ ಬಿಟ್ಟಿದ್ದರೂ ಎಡವದೆ ತಿರುಗಾಡಿ ಬರುತ್ತಿದ್ದಳು. ಊರ ಒಲೆ ಎಲ್ಲಿದೆ, ಬಾವಿಕಟ್ಟೆ ಎಲ್ಲಿದೆ, ಇಗರ್ಜಿಗೆ ಹೋಗುವ ದಾರಿಯಲ್ಲಿ ಎಷ್ಟನೆಯ ಮೆಟ್ಟಿಲು ಸವೆದು ಜಾರುತ್ತದೆ, ಎಲ್ಲ ಬಾಯಿಪಾಠ. ಒಂದೇ ಒಂದು ಓಣಿ ಮಾತ್ರ ಆಕೆಗೆ ಗೊತ್ತಿರಲಿಲ್ಲ. ಆ ಓಣಿಯೇ ಇಪ್ಪತ್ತೆರಡು ವರ್ಷ ಆಕೆಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಊರನ್ನು ಆಕೆಗೆ ತಂದುಕೊಟ್ಟವರು ಗಂಡ ತ್ರ್ಯಂಬಕರಾಯರು. ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಗುಮಾಸ್ತರು. ಹಿಂದಿನ ಮಹಾಯುದ್ಧದಲ್ಲಿ ಸರಕಾರವು ಸಿಪಾಯಿಗಳ ಬೆನ್ನಿಗೆ ಟಪಾಲಿನವರನ್ನೂ ಹಡಗು ಹತ್ತಿಸಿತ್ತು. ಹೊಟ್ಟೆಗಿಲ್ಲದಿದ್ದರೂ ನಡೆದೀತು, ಮನೆಯ ಕಾಗದವಿಲ್ಲದೆ ಸಿಪಾಯಿ ಬದುಕುವುದಿಲ್ಲ ಎಂದು ರಾಯರು ಹೇಳುತ್ತಿದ್ದರು. ತಾರಾಂತೊ ಎಂಬ ಬಂದರಿನಿಂದ ಎತ್ತಿನ ಗಾಡಿಯಲ್ಲಿ ಒಂದು ದಿನದ ದಾರಿ ಗ್ರವಿನೆಲ್ಲ. ಅಲ್ಲಿ ಕಾಯಿಲೆ ಬಿದ್ದ ನಮ್ಮ ಸಿಪಾಯಿಗಳ ಡೇರೆಗಳಿದ್ದವು. ಅವರ ಟಪಾಲು ನೋಡಿಕೊಳ್ಳಲು ರಾಯರು ಎಂಟು ತಿಂಗಳು ಅಲ್ಲಿದ್ದರು. ಎಂಟೇ ತಿಂಗಳು. ಮುಂದೆ ಮಾತು ಹೋಗುವವರೆಗಿನ ಇಪ್ಪತ್ತಮೂರು ವರ್ಷಗಳನ್ನೂ ಅವರು ಆ ಎಂಟು ತಿಂಗಳಲ್ಲೇ ಕಳೆದರು ಎಂದರೆ ತಪ್ಪಾಗಲಾರದು.

ಹೊರಡುವ ಮೊದಲೇ ಹುಬ್ಬಳ್ಳಿಯ ಹನ್ನೊಂದು ವರ್ಷದ ಅಂಬೆಯೊಡನೆ ಅವರ ನಿಶ್ಚಯವಾಗಿತ್ತು. ಆದರೆ ಸಮುದ್ರ ದಾಟಿ ಬಂದವನಿಗೆ ಹೆಣ್ಣು ಕೊಡುವುದು ಹೇಗೆ? ಅಂಬೆಯ ತಂದೆ ಹಿಂದೆಮುಂದೆ ನೋಡಿದರು. ರಾಯರ ತಾಯಿ ಗೋದಾಬಾಯಿ ಗಟ್ಟಿ ಹೆಂಗಸು; ಆಚಾರ್ಯರನ್ನು ಕರೆಸಿ ಮಗನ ತಲೆ ಬೋಳಿಸಿ, ಪಂಚಗವ್ಯ ಕುಡಿಸಿ, ಪ್ರಾಯಶ್ಚಿತ್ತ ಮಾಡಿಸಿಯೇ ಬಿಟ್ಟಳು. ಇನ್ನು ಮೇಲೆ ಸಮುದ್ರ ದಾಟುವುದಿಲ್ಲ ಎಂದು ಮಗನಿಂದ ನೀರು ಬಿಡಿಸಿ ಆಣೆ ಮಾಡಿಸಿದಳು. ಅಲ್ಲಿ ಏನೇನು ತಿಂದೆ ಎಂದು ಆಚಾರ್ಯರು ಕೇಳಿದಾಗ ರಾಯರು ಒಂದೊಂದಾಗಿ ಹೇಳಿದರು. ಫಿಲೊಮೇನಾ ಎಂಬ ವಿಧವೆ ಮುದುಕಿ ದಿನಾಲೂ ಕೊಡುತ್ತಿದ್ದ ರೊಟ್ಟಿಯೊಂದನ್ನು ಮಾತ್ರ ಬಿಟ್ಟರು. ಅದನ್ನು ಪಾಪದ ಪಟ್ಟಿಗೆ ಸೇರಿಸಲು ಅವರಿಗೆ ನಾಲಗೆ ಬರಲಿಲ್ಲವಂತೆ.

ಮದುವೆಯಾಗಿ ಅಂಬಾಬಾಯಿ ಮನೆ ತುಂಬಿದ ಹದಿನೈದು ದಿನಕ್ಕೆ ಅತ್ತೆ, ಇಟಲಿಯಿಂದ ಬಂದಾಗಿನಿಂದ ಮುಚ್ಚಿಯೇ ಇದ್ದ ಮಗನ ಟ್ರಂಕು ತೆರೆಸಿದಳು. ಹಿತ್ತಾಳೆಯ ದೀಪ, ಕಬ್ಬಿಣದ ಚಾಕು, ಎಲ್ಲಕ್ಕೂ ಹುಣಸೆಹಣ್ಣು, ಬೂದಿ, ನೀರು ಬಿದ್ದವು. ಅವು ಶುದ್ಧವಾಗಿ ಒಳಗೆ ಬಂದವು. ತಳದಲ್ಲಿ ಅರಿವೆಯೊಳಗೆ ಸುತ್ತಿದ ಒಂದು ಮಣ್ಣಿನ ಹುಂಜವಿತ್ತು. ಕೆಂಪು ಜುಟ್ಟು, ನೀಲಿ ಚುಕ್ಕೆ, ಬಾಲದಲ್ಲಿ ಊದುವ ತೂತು.

"ಇದು ಮಣ್ಣಿಂದು," ಎಂದಳು ಗೋದಾಬಾಯಿ, ಕಡ್ಡಿಯಿಂದ ಅದನ್ನು ದೂರ ಸರಿಸುತ್ತ. "ತಾಮ್ರಾ ಆಗಿದ್ರ ತಿಕ್ಕಿ ಒಳಗ ತಗೋಬಹುದಿತ್ತು. ಮಣ್ಣಿಗೆ ಮೈಲಿಗಿ ಆದ್ರ ಹೋಗೂದಿಲ್ಲ. ಅಂಬಾ, ನಾಳೆ ಕೆಲಗೇರಿ ಕಡೆ ಹೆಂಗಸೂರು ಹೊಂಟಾರ. ನೀನೂ ಹೋಗಿ ಇದನ್ನ ಕೆರಿಯಾಗ ಬಿಟ್ಟು ಬಾ."

ಹೊಸ ಸೊಸೆಗೆ ಸಿಕ್ಕ ಮೊದಲ ಜವಾಬ್ದಾರಿ ಅದು. ಅಂಬಾಬಾಯಿ ಬಾಳೆಯೆಲೆಯಲ್ಲಿ ಹುಂಜವನ್ನು ಹಿಡಿದುಕೊಂಡು ಹೋಗಿ, ಮೊಳಕಾಲುಮಟ್ಟ ನೀರಿಗಿಳಿದು, ಕೈಲಾದಷ್ಟು ದೂರ ಎಸೆದು ಬಂದಳು. ಸಂಜೆ ರಾಯರು ಕಚೇರಿಯಿಂದ ಬಂದು ಬರಿದಾದ ಟ್ರಂಕಿನ ಮುಂದೆ ನಿಂತರು. ಗಂಡನೊಡನೆ ಅದುವರೆಗೆ ಒಂದು ಪೂರ್ತಿ ಮಾತಾಡದಿದ್ದ ಹುಡುಗಿ ಅಡಿಗೆಮನೆಯ ಬಾಗಿಲಿಂದ ಹೆಮ್ಮೆಯಿಂದ ಹೇಳಿದಳು: "ಆ ಮೈಲಿಗಿ ಹುಂಜಾನ್ನ ನಾನ ಕೆರಿಗೆ ಹಾಕಿ ಬಂದೆ."

ರಾಯರು ಆಕೆಯ ಮುಖ ನೋಡಿದರು. ಟ್ರಂಕಿನ ಮುಚ್ಚಳ ಹಾಕಿ, "ಛಲೋ ಆತು," ಎಂದು ಕೈಕಾಲು ತೊಳೆಯಲು ಹೋದರು.

ಅವರಿಗೆ ಮಕ್ಕಳಾಗಲಿಲ್ಲ. ಮಕ್ಕಳಿಲ್ಲದ ಮನೆಗೆ ಸಂಜೆಯ ಹೊತ್ತು ಏನಾದರೂ ಮಾತು ಬೇಕಲ್ಲ? ದೇವರಿಗೆ ದೀಪ ಹಚ್ಚಿ ಅಂಬಾಬಾಯಿ ಹೂಬತ್ತಿ ಹೊಸೆಯಲು ಕೂತರೆ ರಾಯರು ಕಟ್ಟೆಯ ಮೇಲೆ ಗ್ರವಿನೆಲ್ಲ ಬಿಚ್ಚುತ್ತಿದ್ದರು. ಓಣಿಯವರು "ಇಟಲಿ ರಾಯರು" ಎಂದು ನಗುತ್ತಿದ್ದರು. ನಗುತ್ತಲೇ ಬಂದು ಕೂತು ಕೇಳುತ್ತಿದ್ದರು.

"ನಮ್ಮ ಧಾರವಾಡ ಗುಡ್ಡದ ಮ್ಯಾಲೆ ಕೂತದ," ಎಂದು ಶುರುವಾಗುತ್ತಿತ್ತು. "ಆ ಊರು ಗುಡ್ಡದ ಹೊಟ್ಟಿಯೊಳಗ ಹೊಕ್ಕದ. ಕಟ್ಟಿದ ಊರಲ್ಲ ಅದು, ಕೊರದ ಊರು. ನಿಮ್ಮ ಮನಿ ಮಾಳಿಗಿ ಅಂದ್ರ ನಿಮ್ಮ ಮ್ಯಾಲಿನವರ ಅಂಗಳ. ಹಾದ್ಯಾಗ ನಡೀಲಿಕ್ಕತ್ತೀರಿ, ಕಾಲಾಗಿಂದ ಹೊಗಿ ಬರ್ತದ. ಏನು ಅಂತ ಬಗ್ಗಿ ನೋಡಿದ್ರ ಕೆಳಗಿನವರು ಅಡಗಿ ಮಾಡ್ಲಿಕ್ಕತ್ತಿರ್ತಾರ!"

ಬಿಳಿಯ ಮೆತ್ತನೆಯ ಕಲ್ಲು. ಉಳಿ ಹೊಡೆದರೆ ಬೆಲ್ಲದಂತೆ ಕಡಿಯುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಊರಿನ ಕೆಳಗೆ ಆಳವಾದ ಕಮರಿ, ಅದರ ತಳದಲ್ಲಿ ಬೇಸಿಗೆಯಲ್ಲಿ ಬತ್ತುವ ಹಳ್ಳ. ಕಮರಿಯ ಆಚೆಯ ದಡದ ಗವಿಗಳಲ್ಲಿ ಸಾವಿರ ವರ್ಷದ ಹಿಂದೆ ಸನ್ಯಾಸಿಗಳಿದ್ದರು. ಗೋಡೆಯ ಮೇಲೆ ಅವರು ಬರೆದ ಸಂತರ ಚಿತ್ರಗಳಿಗೆ ಕಣ್ಣುಗಳಿಲ್ಲ. ಸಮುದ್ರದ ಆಚೆಯಿಂದ ದಂಡೆತ್ತಿ ಬಂದವರು ಕೆರೆದು ಹಾಕಿದರೆಂದು ಕೆಲವರು, ಕಣ್ಣಿನ ಬೇನೆಗೆ ಮದ್ದೆಂದು ಊರ ಹೆಂಗಸರೇ ಕೆರೆದುಕೊಂಡು ಹೋದರೆಂದು ಕೆಲವರು. ರಾಯರು ಹೆಂಗಸರ ಮೇಲೆಯೇ ಹಾಕುತ್ತಿದ್ದರು. ಅಂಬಾಬಾಯಿ, "ಗಂಡಸೂರು ಕಟ್ಟಿದ್ದು ಏನರ ಅದನೋ ಅಲ್ಲೆ?" ಎಂದು ಚುಚ್ಚಿದರೆ ಕೋಟೆ ಬರುತ್ತಿತ್ತು. ಒಬ್ಬ ದೊರೆ ಮೂರು ಬುರುಜಿನ ಕೋಟೆ ಕಟ್ಟಿಸಲು ಹೊರಟು, ಜನರಿಂದ ಬಿಟ್ಟಿ ಕೆಲಸ ಮಾಡಿಸಿ ಮಾಡಿಸಿ, ಒಂದು ದಿನ ಇಗರ್ಜಿಯಿಂದ ಹೊರಗೆ ಬರುವಾಗ ಅವರ ಕೈಯಲ್ಲೇ ಸತ್ತ. ಕೋಟೆಗೆ ಎರಡೂವರೆ ಬುರುಜು. ಅರೆ ಬುರುಜಿನ ಮೇಲೆ ಒಂದು ಅಂಜೂರದ ಗಿಡ, ಅದರ ಕೆಳಗೆ ಆಡುಗಳು. ಮುನ್ನೂರು ವರ್ಷದಿಂದ ಅದನ್ನು ಪೂರ್ತಿ ಮಾಡಬೇಕೆಂದು ಯಾರಿಗೂ ಅನಿಸಿಲ್ಲ.

ಆದರೆ ರಾಯರು ಮೈಮರೆಯುತ್ತಿದ್ದುದು ಊರ ಒಲೆಯ ಮುಂದೆ. ಮನೆಗೊಂದು ಒಲೆಯಿಲ್ಲ ಅಲ್ಲಿ. ಓಣಿಗೊಂದು ಗವಿಯಂಥ ದೊಡ್ಡ ಒಲೆ. ಹೆಂಗಸರು ಮನೆಯಲ್ಲಿ ಹಿಟ್ಟು ನಾದಿ, ಅದರ ಮೇಲೆ ತಮ್ಮ ಮನೆಯ ಕಟ್ಟಿಗೆಯ ಮುದ್ರೆಯೊತ್ತಿ ಕಳಿಸಬೇಕು. ಬೆಂದ ಮೇಲೆ ಯಾರ ರೊಟ್ಟಿ ಯಾರದೆಂದು ಜಗಳ ಬೇಡವಲ್ಲ? "ನಮ್ಮ ಟಪಾಲಿನ ಶಿಕ್ಕಾ ಇದ್ಧಾಂಗ," ಎಂದು ರಾಯರು ಹಿಗ್ಗುತ್ತಿದ್ದರು. ಮೊರದಷ್ಟು ಅಗಲದ ಆ ರೊಟ್ಟಿಯನ್ನು ಎದೆಗೆ ಅವಚಿಕೊಂಡು ಕೊಯ್ಯುವುದನ್ನು ಅವರು ಅಭಿನಯಿಸಿ ತೋರಿಸುವಾಗ ಅಂಬಾಬಾಯಿಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಆ ಹೊತ್ತಿನಲ್ಲಿ ಅವರು ಆಕೆಯ ಎದುರಿಗೆ ಇರುತ್ತಿರಲಿಲ್ಲ.

ಒಮ್ಮೆ ಸಮುದ್ರದಾಚೆಯ ಏಡನ್ನಿನ ಟಪಾಲು ಕಚೇರಿಗೆ ಹೋಗುವವರು ಯಾರೆಂದು ಮೇಲಿನವರು ಕೇಳಿದರು. ಅಲ್ಲಿಂದ ಇಟಲಿ ಇನ್ನೂ ದೂರ, ಆದರೂ ದಾರಿಯಂತೂ ಅದೇ. ರಾಯರು ಆ ಕಾಗದವನ್ನು ಮನೆಗೆ ತಂದು ತಾಯಿಗೆ ಓದಿ ಹೇಳಿದರು. ಗೋದಾಬಾಯಿ ಆಣೆಯ ನೀರು ಬಿಡಿಸಿದ ಬಟ್ಟಲನ್ನು ತಂದು ಮುಂದಿಟ್ಟಳು. ರಾಯರು ಕಾಗದ ಮಡಚಿದರು. ಮುಂದೆ ಆಕೆ ತೀರಿಕೊಂಡ ಮೇಲೂ ಆ ಆಣೆಯನ್ನು ಮುರಿಯಲಿಲ್ಲ. ಸತ್ತವರಿಗೆ ಕೊಟ್ಟ ಮಾತು ಇನ್ನೂ ಭಾರ ಎನ್ನುತ್ತಿದ್ದರು.

ಇಷ್ಟೆಲ್ಲ ಹೇಳುವ ಮನುಷ್ಯ ಒಂದು ಕಡೆ ಮಾತ್ರ ಪ್ರತಿಸಲ ಮುಗ್ಗರಿಸುತ್ತಿದ್ದರು. "ಬಾವಿಕಟ್ಟಿಯಿಂದ ಎಡಕ್ಕ ಹೊಳ್ಳಿದ್ರ ಕುಂಬಾರ ಓಣಿ. ಹದಿನೇಳು ಮೆಟ್ಟಲಾ ಇಳಿಬೇಕು," ಎನ್ನುವರು. ಅಲ್ಲಿಗೆ ನಿಲ್ಲಿಸಿ ನೀರು ಕುಡಿಯುವರು. "ಇರಲಿ, ಮುಂದ ಗಂಟಿ ಗೋಪುರ ಬರ್ತದ," ಎಂದು ಹಾರಿಬಿಡುವರು.

ಒಮ್ಮೆ ಆಕೆ ಕೇಳಿದಳು: "ಕುಂಬಾರ ಓಣ್ಯಾಗ ಏನದರಿ?"

"ಏನಿರ್ತದ? ಗಡಿಗಿ."

ಒಲೆಯೊಂದಕ್ಕೇ ಒಂದು ತಾಸು ತೆಗೆದುಕೊಳ್ಳುವವರು ಒಂದು ಓಣಿಯನ್ನು ಒಂದೇ ಮಾತಿನಲ್ಲಿ ಮುಗಿಸಿದರೆ ಹೆಂಡತಿಗೆ ತಿಳಿಯುವುದಿಲ್ಲವೆ? ಆ ಓಣಿಯಲ್ಲಿ ಯಾವಳೋ ಇದ್ದಳು. ಆ ಹದಿನೇಳು ಮೆಟ್ಟಿಲು ಇಳಿದು ಇವರು ಹೋಗುತ್ತಿದ್ದರು. ಕಾಣದ ಆ ಸವತಿಗೆ ಅಂಬಾಬಾಯಿ ಮನಸ್ಸಿನಲ್ಲೇ ಮೂಗು ಕೊಟ್ಟಳು, ಜಡೆ ಕೊಟ್ಟಳು, ಮಣ್ಣು ಮೆತ್ತಿದ ಬೆಳ್ಳನೆಯ ಕೈ ಕೊಟ್ಟಳು. ಸಿಟ್ಟು ಬಂದ ದಿನ ಕುರುಡು ಕಣ್ಣನ್ನೂ ಕೊಟ್ಟಳು. ಬಾಯಿಬಿಟ್ಟು ಮಾತ್ರ ಕೇಳಲಿಲ್ಲ. ಎಂದಾದರೂ ಒಂದು ದಿನ ಅವರೇ ಹೇಳಿಯಾರು ಎಂದು ಕಾದಳು.

೧೯೪೧ರ ದೀಪಾವಳಿಯ ಮುಂದೆ ರಾಯರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತೂ ಹೋಯಿತು.

ಸಂಜೆ ದೀಪ ಹಚ್ಚಿದ ಮೇಲೆ ಮನೆ ಬಿಕೋ ಎನ್ನತೊಡಗಿತು. ಇಪ್ಪತ್ತು ವರ್ಷ "ಸಾಕು ಮಾಡ್ರಿ ನಿಮ್ಮ ಇಟಲಿ ಪುರಾಣ" ಎಂದು ಗದರಿಸಿದ ಹೆಂಗಸು ಈಗ ಆ ಪುರಾಣದ ಒಂದು ಮಾತಿಗಾಗಿ ಹಂಬಲಿಸಿದಳು. ಕಡೆಗೆ ತಾಳಲಾರದೆ ತಾನೇ ಹೇಳಲು ಕೂತಳು. ಬೇಕಂತಲೇ ತಪ್ಪು ಹೇಳುತ್ತಿದ್ದಳು. "ಕೋಟಿಗೆ ನಾಕು ಬುರುಜು," ಎಂದರೆ ರಾಯರು ದಿಂಬಿನ ಮೇಲೆ ತಲೆಯಾಡಿಸಿ ಅಲ್ಲವೆನ್ನುವರು. "ಹಂಗಾರ ಎರಡೂವರಿ?" ಎಂದರೆ ಕಣ್ಣು ಮುಚ್ಚಿ ತೆರೆಯುವರು; ಹೌದೆಂದು ಅರ್ಥ. ಅಷ್ಟು ಸಿಕ್ಕರೆ ಆಕೆಗೆ ಆ ದಿನದ ಮಟ್ಟಿಗೆ ಸಾಕಾಗುತ್ತಿತ್ತು.

ಆದರೆ ಕುಂಬಾರ ಓಣಿ ಬಂದಾಗ ಅವರು ಮುಖವನ್ನು ಗೋಡೆಯ ಕಡೆ ಹೊರಳಿಸುವರು. ಒಂದು ದಿನ ಅವರ ಎಡಗಣ್ಣಿನಿಂದ ನೀರು ಇಳಿದದ್ದನ್ನೂ ಅಂಬಾಬಾಯಿ ನೋಡಿದಳು. ಮಾತು ಹೋದರೂ ಅವಳು ಹೋಗಿಲ್ಲ ಎಂದುಕೊಂಡಳು. ಇವರು ಇದನ್ನು ಎದೆಯಲ್ಲಿಟ್ಟುಕೊಂಡೇ ಹೋಗಿಬಿಟ್ಟರೆ ತಾನು ಯಾರನ್ನು ಕೇಳುವುದು? ತಾನು ಇವರ ಮನೆಯಲ್ಲಿ ಇಷ್ಟು ವರ್ಷ ಬಾಳಿದ್ದು ಹೆಂಡತಿಯಾಗಿಯೋ, ಬರೀ ಕೇಳುವವಳಾಗಿಯೋ? ಅದೊಂದನ್ನು ತಿಳಿಯದೆ ಆಕೆಗೆ ಅನ್ನ ಇಳಿಯದಂತಾಯಿತು.

ಹೀಗಿರುವಾಗ ಚೈತ್ರ ಮಾಸದಲ್ಲಿ ಮಕಬೂಲಸಾಬ ಬಂದ. ಮಾಳಮಡ್ಡಿಯ ಬೆನ್ನಿಗೇ ಇರುವ ಸ್ಟೇಷನ್ನಿನಲ್ಲಿ ಪ್ರಯಾಣಿಕರಿಗೆ ನೀರು ಕೊಡುವ ಕೆಲಸ ಅವನದು. ಟಪಾಲಿನ ಚೀಲ ಇಳಿಸುವಾಗ ರಾಯರ ಪುರಾಣ ಅವನೂ ಬೇಕಾದಷ್ಟು ಕೇಳಿದ್ದ.

"ಅವ್ವಾರ, ಯುದ್ಧದಾಗ ಹಿಡದ ಇಟ್ಲಿ ಕೈದಿಗಳ್ನ ತುಂಬಿದ ಗಾಡಿ ಬರಾಕತ್ತಾವ್ರಿ," ಎಂದ ಬಾಗಿಲಲ್ಲೇ ನಿಂತು. "ಇಂಜಿನ್ನಿಗೆ ನೀರು ತುಂಬಾಕ ಅರ್ಧಾ ತಾಸು ನಿಲ್ತಾವು. ರಾಯರ ಊರಿನವ್ರು ಯಾರರ ಇದ್ದಾರು. ರಾಯರಿಗೆ ಆರಾಮ ಇಲ್ಲ, ಅವರ ಬದ್ಲಿ ನಾನ ಕೇಳಿ ಬರ್ಲೇನ್ರಿ?"

"ನೀವು ಕೇಳೂದು ಬ್ಯಾಡ್ರಿ ಮಕಬೂಲಸಾಬ. ನಾನ ಬರ್ತೀನಿ."

ಮೊದಲ ಗಾಡಿಯಲ್ಲಿ ಯಾರೂ ಸಿಗಲಿಲ್ಲ. ಎಂಟು ದಿನಕ್ಕೆ ಎರಡನೆಯ ಗಾಡಿ ಬಂತು. ಅಂಬಾಬಾಯಿ ತಾಮ್ರದ ತಂಬಿಗೆಯಲ್ಲಿ ಮಜ್ಜಿಗೆ ತುಂಬಿಕೊಂಡು, ಸೆರಗು ಬಿಗಿದು ಹೋದಳು. ಕಾವಲಿನ ಸಿಪಾಯಿ ಬೆಳಗಾವಿ ಕಡೆಯ ಮರಾಠಾ. ತಡೆಯಲು ಬಂದವನಿಗೆ ಆಕೆ ಮರಾಠಿಯಲ್ಲಿ, ಬಾಯಾರಿದವರಿಗೆ ಮಜ್ಜಿಗೆ ಹೊಯ್ಯಲು ಯಾವ ಸರಕಾರದ ಅಡ್ಡಿಯಪ್ಪಾ ಎಂದು ಕೇಳಿದಳು. ಅವನು ಬೀಡಿ ಹಚ್ಚುವ ನೆಪದಲ್ಲಿ ಆಚೆ ತಿರುಗಿದ.

ಮಕಬೂಲಸಾಬ ಡಬ್ಬಿಯಿಂದ ಡಬ್ಬಿಗೆ ಕೂಗುತ್ತ ಹೊರಟ: "ತಾರಾಂತೊ? ಗ್ರವಿನೆಲ್ಲ?" ನಾಲ್ಕನೆಯ ಡಬ್ಬಿಯ ಸರಳುಗಳ ಹಿಂದೆ ಒಬ್ಬ ದಿಗ್ಗನೆ ಎದ್ದು ನಿಂತ. ಮೂವತ್ತರ ಆಸುಪಾಸಿನ, ಗಡ್ಡ ಬೆಳೆದ, ಬಡಕಲು ಮನುಷ್ಯ. ಹೆಸರು ನಿಕೋಲ. ಅವನ ಅಜ್ಜಿಯ ಊರು ಗ್ರವಿನೆಲ್ಲ. ಕೈದಿಗಳ ಛಾವಣಿಯಲ್ಲಿ ಒಂದು ವರ್ಷದಿಂದ ಕಲಿತ ಮುರುಕು ಹಿಂದೂಸ್ಥಾನಿ ಅವನಿಗೆ ಬರುತ್ತಿತ್ತು. ಅದನ್ನು ಮಕಬೂಲಸಾಬ ಆಕೆಗೆ, ಆಕೆಯದನ್ನು ಅವನಿಗೆ ದಾಟಿಸಿದ.

ಖರೆಯವನೋ ಸುಳ್ಳನೋ ನೋಡಬೇಕಲ್ಲ? ಆಕೆ ಕೇಳಿದಳು, "ಇಗರ್ಜಿ ಹಾದ್ಯಾಗ ಜಾರೋ ಮೆಟ್ಟಲಾ ಯಾವುದು?"

ನಿಕೋಲ ಬಾಯಿ ತೆರೆದು ನಿಂತ. ಆಮೇಲೆ ಕೈಬೆರಳೆಣಿಸಿ, "ಒಂಬತ್ತು," ಎಂದು ತನ್ನ ಮೊಳಕಾಲಿನ ಹಳೆಯ ಗಾಯದ ಕಲೆ ತೋರಿಸಿದ.

ಆಕೆ ಹೇಳತೊಡಗಿದಳು. ಕಾಲಡಿಯ ಹೊಗೆ, ಕಣ್ಣಿಲ್ಲದ ಸಂತರು, ಹಿಟ್ಟಿನ ಮೇಲಿನ ಮುದ್ರೆ. ಧಾರವಾಡದ ಒಂಬತ್ತು ಗಜದ ಸೀರೆಯ ಹೆಂಗಸೊಬ್ಬಳು ಸುಡುಬಿಸಿಲಿನಲ್ಲಿ ನಿಂತು ತಮ್ಮ ಸೀಮೆಯನ್ನು ಕನ್ನಡದಲ್ಲಿ ಬಿಡಿಸಿಡುತ್ತಿದ್ದರೆ ಆ ಡಬ್ಬಿಯ ಕೈದಿಗಳೆಲ್ಲ ಸರಳಿಗೆ ಮುಖವೊತ್ತಿ ಕೇಳಿದರು. ನಿಕೋಲ ಕಣ್ಣು ಒರೆಸಿಕೊಂಡ. ಅವನು ಊರು ಬಿಟ್ಟು ನಾಲ್ಕು ವರ್ಷವಾಗಿತ್ತು. ಆಕೆ ನಿನ್ನೆ ಮೊನ್ನೆ ಅಲ್ಲಿಂದ ಬಂದವಳೋ ಎಂಬಂತೆ ಕೇಳಿದ: "ಅರೆ ಬುರುಜಿನ ಅಂಜೂರದ ಗಿಡ ಇದೆಯೆ?"

ರಾಯರು ಅದನ್ನು ನೋಡಿ ಇಪ್ಪತ್ನಾಲ್ಕು ವರ್ಷವಾಗಿತ್ತು. "ಅದ," ಎಂದಳು ಅಂಬಾಬಾಯಿ. ಆಕೆಯ ಗ್ರವಿನೆಲ್ಲದಲ್ಲಿ ಅದು ಇತ್ತು.

ಇಂಜಿನ್ನು ನೀರು ಕುಡಿದು ಮುಗಿಸಿತ್ತು. ಆಕೆ ಅವಸರದಿಂದ ಮಕಬೂಲಸಾಬನ ಕಡೆ ತಿರುಗಿದಳು. "ಮಕಬೂಲಸಾಬ, ಕೇಳ್ರಿ. ಬಾವಿಕಟ್ಟಿ ಎಡಕ್ಕ ಕುಂಬಾರ ಓಣಿ ಅದಲ್ಲ, ವಯಸ್ಸಿನ ಗಂಡಸೂರು ಅಲ್ಲಿಗೆ ಯಾತಕ್ಕ ಹೋಗ್ತಾರ?"

ಮಕಬೂಲಸಾಬ ಸ್ವಲ್ಪ ಹಿಂಜರಿದು ಕೇಳಿದ. ಅಷ್ಟು ದುಃಖದಲ್ಲೂ ನಿಕೋಲ ನಕ್ಕುಬಿಟ್ಟ. ಎರಡೂ ಕೈಯಿಂದ ಗಾಳಿಯಲ್ಲಿ ಒಂದು ಆಕಾರ ಮಾಡಿದ, ತಲೆಯ ಮೇಲೆ ಬೆರಳಿಟ್ಟು ಜುಟ್ಟು ತೋರಿಸಿದ, ಊದಿದ. ಮಕಬೂಲಸಾಬ ಕೇಳಿ ಕೇಳಿ ಹೇಳಿದ:

"ಅಲ್ಲೆ ಮಣ್ಣಿನ ಹುಂಜಾ ಮಾಡ್ತಾರಂತ್ರಿ, ಊದಿದ್ರ ಶಿಳ್ಳಿ ಹೊಡಿತೈತಂತ. ಲಗ್ನ ಗೊತ್ತಾದ ಹುಡುಗ ಹೋಗಿ ತನ್ನ ಕೈಯಾರ ಆರಿಸಿ ತರಬೇಕಂತ. ಮದಿವಿ ಮಾಡ್ಕೊಳ್ಳೋ ಹುಡಿಗಿ ಕೈಯಾಗ ಇಡಬೇಕಂತ್ರಿ. ಬ್ಯಾರೆ ಯಾರಿಗೂ ಕೊಡಾಂಗಿಲ್ಲಂತ."

ಗಾಡಿ ಸಿಳ್ಳು ಹಾಕಿತು. ಇಷ್ಟು ಹೊತ್ತು ಯಾರಿಗೂ ತಾಗದಂತೆ ಮೇಲಿನಿಂದ ಮಜ್ಜಿಗೆ ಹೊಯ್ಯುತ್ತಿದ್ದ ಅಂಬಾಬಾಯಿ ತಂಬಿಗೆಯನ್ನೇ ಸರಳಿನ ಸಂದಿಯಿಂದ ನಿಕೋಲನ ಕೈಗೆ ಕೊಟ್ಟಳು. ಗಾಡಿ ಹುಬ್ಬಳ್ಳಿ ಕಡೆ ಹೋಯಿತು. ಆಕೆ ಬರಿಗೈಯಲ್ಲಿ ಮನೆಗೆ ನಡೆದಳು.

ರಾಯರು ಹಾಸಿಗೆಯಲ್ಲಿ ಎಚ್ಚರವಾಗಿದ್ದರು. ಆಕೆ ಕಾಲ ಹತ್ತಿರ ಕೂತಳು.

"ಕುಂಬಾರ ಓಣಿಗೆ ಹೋಗಿ ಬಂದೆರಿ."

ಅವರು ಗೋಡೆಯ ಕಡೆ ಹೊರಳಿದರು.

"ಆ ಹುಂಜಾ ನಂದಿತ್ತೇನ್ರಿ?"

ಮುಖ ಈಚೆ ಬಂತು. ಕಣ್ಣು ಒಮ್ಮೆ ಮುಚ್ಚಿ ತೆರೆಯಿತು.

ಅಂಬಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಒಂದೇ ಸಲ ನೋಡಿದ ಹನ್ನೊಂದು ವರ್ಷದ ಹುಡುಗಿಗಾಗಿ ಆ ದೂರದೇಶದಲ್ಲಿ ಹದಿನೇಳು ಮೆಟ್ಟಿಲು ಇಳಿದು, ಆರಿಸಿ, ಅರಿವೆಯಲ್ಲಿ ಸುತ್ತಿ, ಪ್ರಾಯಶ್ಚಿತ್ತದಲ್ಲೂ ಬಚ್ಚಿಟ್ಟು ತಂದದ್ದನ್ನು ತಾನು ಕೈಯಾರೆ ಕೆರೆಗೆ ಎಸೆದು, ಬಂದು ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಅದು ನಿನ್ನದಾಗಿತ್ತು ಎಂದು ಒಂದು ಮಾತು ಆಡಿದ್ದರೆ ಆಕೆ ಜೀವಮಾನವಿಡೀ ಕೊರಗುತ್ತಿದ್ದಳು. ಆ ಕೊರಗು ಬೇಡವೆಂದು, ಇಡೀ ಊರನ್ನು ಕೊಟ್ಟವರು ಅದೊಂದು ಓಣಿಯನ್ನು ತಮ್ಮಲ್ಲೇ ಇಟ್ಟುಕೊಂಡರು. ಅಂಥವರ ಮೇಲೆ ತಾನು ಏನೇನು ಹೊರಿಸಿದೆ! ಅತ್ತು ಅತ್ತು ಆಕೆಯ ಎದೆಯ ಮುಳ್ಳು ಕರಗಿತು, ಅದರ ಜಾಗ ಮಾತ್ರ ಮೊದಲಿಗಿಂತ ಹೆಚ್ಚು ನೋಯುತ್ತಿತ್ತು.

ಮರುದಿನ ಬೆಳಗ್ಗೆ ಆಕೆ ಒಬ್ಬಳೇ ಕೆಲಗೇರಿಗೆ ನಡೆದಳು. ಬೇಸಿಗೆಗೆ ಕೆರೆ ಹಿಂದೆ ಸರಿದಿತ್ತು. ಎಸೆದದ್ದು ಎಲ್ಲಿ ಬಿದ್ದಿತ್ತೋ, ಎಂದೋ ಒಡೆದು ಚೂರಾಗಿ ಕೆರೆಯ ಮಣ್ಣಿಗೇ ಸೇರಿರಬೇಕು. ಮೊಳಕಾಲುಮಟ್ಟ ಇಳಿದು, ತಳದಿಂದ ಎರಡು ಬೊಗಸೆ ಜೇಡಿಮಣ್ಣು ತೆಗೆದು ಬಾಳೆಯೆಲೆಯಲ್ಲಿ ಕಟ್ಟಿಕೊಂಡು ಬಂದಳು.

ರಾಯರ ಹಾಸಿಗೆಯ ಬದಿಗೆ ಮಣೆ ಹಾಕಿ ಹುಂಜ ಮಾಡಲು ಕೂತಳು. ಚಕ್ಕುಲಿ ಕಡಬು ಮಾಡಿದ ಕೈ, ಆದರೂ ಮೊದಲನೆಯದು ಗುಬ್ಬಿಯಂತಾಯಿತು. ರಾಯರು ತಲೆಯಾಡಿಸಿದರು. ಜುಟ್ಟು ಎತ್ತರ ಮಾಡಿದಳು, ಮತ್ತೆ ಅಲ್ಲವೆಂದರು. ಬಾಲ ಅಗಲಿಸಿದಳು, ಕಣ್ಣು ಮುಚ್ಚಿ ತೆರೆದರು. ಇಷ್ಟು ದಿನ ಬೇಕಂತ ತಪ್ಪಿದವಳು ಅಂದು ಖರೆಯಾಗಿಯೇ ತಪ್ಪುತ್ತಿದ್ದಳು, ಅವರು ಖರೆಯಾಗಿಯೇ ತಿದ್ದುತ್ತಿದ್ದರು. ಒಂದು ಕಡ್ಡಿಯಿಂದ ಬಾಲದಲ್ಲಿ ತೂತು ಕೊರೆದಳು. ಅದು ಊದಿದರೆ ಸಿಳ್ಳು ಹಾಕುವಂಥದ್ದೇನೂ ಆಗಿರಲಿಲ್ಲ.

ರಾಯರು ಎಡಗೈ ಚಾಚಿದರು. ಆಕೆ ಹುಂಜವನ್ನು ಅದರಲ್ಲಿಟ್ಟಳು. ಅವರು ಅದನ್ನು ಅತ್ತಿತ್ತ ಹೊರಳಿಸಿ ನೋಡಿದರು. ಆಮೇಲೆ ನಿಧಾನವಾಗಿ ಅದನ್ನು ತಿರುಗಿ ಆಕೆಯ ಅಂಗೈಯಲ್ಲಿಟ್ಟು, ಆಕೆಯ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದರು.

ಟಪಾಲಿನ ಮನುಷ್ಯ ಅವರು. ತಲುಪಿದವರು ಬಾಯಿಬಿಟ್ಟು ಹೇಳುವವರೆಗೆ ಯಾವುದೂ ತಲುಪಿದಂತಲ್ಲ ಎಂದು ಎಷ್ಟೋ ಸಲ ಹೇಳಿದ್ದರು. ಈಗಲೂ ಹಾಗೆಯೇ ಆಕೆಯ ಮುಖ ನೋಡುತ್ತ ಕಾದಿದ್ದರು.

"ಮುಟ್ಟಿತ್ರಿ," ಎಂದಳು ಅಂಬಾಬಾಯಿ, ಹದಿನಾಲ್ಕು ವರ್ಷದ ಮದುಮಗಳಂತೆ ತಲೆ ತಗ್ಗಿಸಿ.

ಹಸಿ ಮಣ್ಣು ಅಂಗೈಗೆ ಮೆತ್ತಿಕೊಂಡಿತ್ತು. ಆ ದಿನ ದೇವರಿಗೆ ದೀಪ ಹಚ್ಚುವ ಹೊತ್ತಾದರೂ ಆಕೆ ಕೈ ತೊಳೆಯಲು ಏಳಲಿಲ್ಲ.